ಕಸ ಎಂಬ ಬೆಟ್ಟ

ಮೊದಲೇ ಹೇಳಿಬಿಡುತ್ತೇನೆ, ಆ ಬೆಟ್ಟ ಇಲ್ಲ. ಉತ್ತರ ಧ್ರುವದ ಹತ್ತಿರ, ಮಂಜುಗಡ್ಡೆಯ ಕೆಳಗೆ, ಮೂರು ಸಾವಿರದ ಎಂಟುನೂರು ಮೀಟರ್ ಆಳದ ಸಮುದ್ರದಲ್ಲಿ ಹೊಸ ಬೆಟ್ಟ ಸಿಕ್ಕಿದೆ ಅಂತ ನಮ್ಮ ಆಫೀಸಿನವರು ಊರಿಗೆಲ್ಲ ಡಂಗುರ ಸಾರಿದರಲ್ಲ, ಆ ಬೆಟ್ಟ. ಅಲ್ಲಿರುವುದು ಚಪ್ಪಟೆ ಕೆಸರು. ನಿನಗೆ ಹೇಗೆ ಗೊತ್ತು ಅಂತ ಕೇಳಬೇಡಿ. ಅದಕ್ಕೆ ಹೆಸರಿಟ್ಟವಳೇ ನಾನು.

ನಾನು ಖೈರುನ್ನೀಸಾ, ಗದಗಿನವಳು. ಮನೆಯಲ್ಲಿ ದಖ್ಖನಿ, ಶಾಲೆಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಕೆಲಸ ಬರ್ಮಿಂಗ್‌ಹ್ಯಾಮಿನಲ್ಲಿ. ಇಂಗ್ಲೆಂಡಿನಲ್ಲಿ ಯಾವ ದಿಕ್ಕಿಗೆ ಹೊರಟರೂ ಸಮುದ್ರ ಇಷ್ಟು ದೂರ ಇರುವ ದೊಡ್ಡ ಊರು ಇನ್ನೊಂದಿಲ್ಲ. ಅಂಥ ಊರಿನಲ್ಲಿ, ಒಂದು ಟೈಲ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ, ಸಮುದ್ರದ ತಳದ ನಕ್ಷೆ ಮಾಡುವ ಆಫೀಸು ನಮ್ಮದು. ಹಡಗಿಗೆ ಹೋಗಿ ಅಳೆದು ತರುವುದು, ಇಲ್ಲಿ ಕೂತು ಅಳತೆಯನ್ನು ಸ್ವಚ್ಛ ಮಾಡಿ ನಕ್ಷೆ ಮಾಡುವುದು, ಎರಡೂ ನನ್ನ ಕೆಲಸ.

ಆ ಆಗಸ್ಟಿನಿಂದ ಏಳು ವಾರ ಹಡಗಿನಲ್ಲಿದ್ದೆ. ಮಂಜುಗಡ್ಡೆ ಒಡೆದುಕೊಂಡು ಹೋಗುವ ಸಂಶೋಧನಾ ಹಡಗು. ಹೊರಗಿನವರಿಗೆ ಅದು ಬಿಳಿ ಕರಡಿ, ನೀಲಿ ಹಿಮ, ವಾಟ್ಸಾಪ್ ಫೋಟೋ. ಒಳಗೆ ಡೀಸೆಲ್ ವಾಸನೆ, ಒದ್ದೆ ಸಾಕ್ಸಿನ ವಾಸನೆ, ಐದನೇ ವಾರದಿಂದ ಮೂರು ಹೊತ್ತೂ ಡಬ್ಬಿಯ ಬೀನ್ಸು. ನನ್ನ ಜೊತೆ ಪಾಳಿಯಲ್ಲಿದ್ದವನು ಬಸವ, ಧಾರವಾಡದ ಹುಡುಗ, ನನಗಿಂತ ಆರು ವರ್ಷ ಚಿಕ್ಕವನು. ಸೂರ್ಯ ಮುಳುಗದ ಆಕಾಶದ ಕೆಳಗೆ ಹನ್ನೆರಡು ತಾಸು ಇಬ್ಬರೂ ಒಂದೇ ಪರದೆ ನೋಡುತ್ತ ಕೂರುವುದು. ಇಡೀ ಹಡಗಿನಲ್ಲಿ ಕನ್ನಡ ಗೊತ್ತಿದ್ದವರು ನಾವಿಬ್ಬರೇ. ಹಾಗಾಗಿ ಬಾಯಿಗೆ ಬಂದದ್ದೆಲ್ಲ ಆಡಿಕೊಂಡು ಆರಾಮಾಗಿದ್ದೆವು.

ಕೆಲಸ ಹೇಳಲು ಸುಲಭ. ಹಡಗಿನ ಹೊಟ್ಟೆಗೆ ಸೋನಾರ್ ಕೂಡಿಸಿರುತ್ತಾರೆ. ಅದು ಕೆಳಕ್ಕೆ ಸದ್ದು ಬಿಡುತ್ತದೆ, ತಳಕ್ಕೆ ಬಡಿದ ಸದ್ದು ವಾಪಸ್ ಬರಲು ಎಷ್ಟು ಹೊತ್ತಾಯಿತು ನೋಡಿ ಆಳ ಹೇಳುತ್ತದೆ. ಅಷ್ಟು ಆಳದಲ್ಲಿ ಹೋಗಿ ಬರಲು ಐದು ಸೆಕೆಂಡು. ನೀರು ಶಾಂತವಿದ್ದರೆ ಕೆಳಗಿನ ಸಣ್ಣ ದಿಬ್ಬವೂ ಕಾಣುತ್ತದೆ. ಆದರೆ ಗಡ್ಡೆ ದಪ್ಪಗಿದ್ದಾಗ ಹಡಗು ಹಿಂದೆ ಸರಿದು, ಓಡಿ ಬಂದು, ಧಡ್ ಅಂತ ಗುದ್ದುತ್ತದೆ. ಒಡೆದ ಚೂರುಗಳು ಹೊಟ್ಟೆಯ ಕೆಳಗೆ ಕರಕರ ಉಜ್ಜಿಕೊಂಡು ಹೋಗುತ್ತವೆ, ಗಾಳಿಗುಳ್ಳೆ ಮುತ್ತುತ್ತವೆ. ಆಗ ಸೋನಾರಿಗೆ ತಳ ಕೇಳಿಸುವುದಿಲ್ಲ, ತನ್ನದೇ ಗಲಾಟೆ ಕೇಳಿಸುತ್ತದೆ. ಪರದೆಯ ಮೇಲೆ ಬಾವಿ, ಗೋಡೆ, ಕೊಂಬು, ಏನು ಬೇಕಾದರೂ ಮೂಡುತ್ತದೆ. ಅಂಥದ್ದು ಬಂದಾಗ ಲಾಗ್ ಪುಸ್ತಕದಲ್ಲಿ ‘ಈ ಭಾಗ ಕೆಟ್ಟಿದೆ’ ಅಂತ ಬರೆದಿಡಬೇಕು, ಆಮೇಲೆ ಅಳಿಸಬೇಕು. ಇಷ್ಟೇ.

ಆದರೆ ನಮ್ಮ ಮ್ಯಾನೇಜರ್ ಕಾಲಿನ್ ಹೊರಡುವ ಮುಂಚೆಯೇ ನಮ್ಮಿಬ್ಬರನ್ನೂ ಕೂರಿಸಿ ತಾಕೀತು ಮಾಡಿದ್ದ. ಈ ಕಾಲಿನ್ ಹೇಗೆಂದರೆ, ಹಿಂಡಿದ ಟೀ ಬ್ಯಾಗನ್ನು ಪಕ್ಕದವರ ಕಪ್ಪಿನಲ್ಲಿ ಹಾಕಿ ಮುಗುಳ್ನಗುವ ಜಾತಿ. ನಾಲ್ಕು ವರ್ಷದಿಂದ ನನ್ನನ್ನು ‘ಕೈರಾ’ ಅಂತಲೇ ಕರೆಯುತ್ತಾನೆ. “ಲಾಗ್‌ನಲ್ಲಿ ಬ್ಯಾಡ್, ನಾಯ್ಸ್, ರಬ್ಬಿಷ್ ಅಂತೆಲ್ಲ ಬರೀಬೇಡಿ ಕೈರಾ. ಅಳತೆಗೆ ದುಡ್ಡು ಕೊಡೋ ಕ್ಲೈಂಟ್ ಓದ್ತಾರೆ. ಅವರ ಮನಸ್ಸಿನಲ್ಲಿ ಸುಮ್ಮನೆ ಅನುಮಾನ ಬಿತ್ತಬಾರದು. ಪಾಸಿಟಿವ್ ಆಗಿರಿ,” ಅಂದಿದ್ದ. ಆಯ್ತು ಸಾರ್ ಅಂತ ತಲೆಯಾಡಿಸಿ ಎದ್ದು ಬಂದಿದ್ದೆ.

ಮೂರನೇ ದಿನವೇ ಗುದ್ದಾಟ ಶುರುವಾಯಿತು. ಪರದೆ ತುಂಬ ಮುಳ್ಳು. ಬಸವ ಪೆನ್ನು ಹಿಡಿದು ಕೂತ. “ಅಕ್ಕಾರ, ಈಗೇನ್ ಬರೀಲ್ರಿ? ಬ್ಯಾಡ್ ಅನ್ನಂಗಿಲ್ಲ, ಖಾಲಿ ಬಿಟ್ರ ನಾಳೆ ನಮಗ ನೆನಪಿರಂಗಿಲ್ಲ.”

“ಕಸ ಅಂತ ಬರಿಯೋ,” ಅಂದೆ. “ಕ್ಲೈಂಟಿಗೆ ತಿಳೀದು, ನಮಗ ತಿಳೀತದ.”

ಅವನು ಇಂಗ್ಲಿಷ್ ಅಕ್ಷರದಲ್ಲಿ ಕೆ, ಎ, ಎಸ್, ಎ ಅಂತ ದಪ್ಪಗೆ ಬರೆದ. ಕಂಪ್ಯೂಟರಿನಲ್ಲಿ ಆ ತುಂಡಿನ ಹೆಸರಿಗೂ ಅದನ್ನೇ ಅಂಟಿಸಿದ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಏಳು ವಾರದಲ್ಲಿ ಹಾಗೆ ಹನ್ನೊಂದು ಕಸ ಕೂಡಿದವು. ಬರ್ಮಿಂಗ್‌ಹ್ಯಾಮಿಗೆ ಹೋದಮೇಲೆ ನಾವೇ ಕೂತು ಹನ್ನೊಂದನ್ನೂ ಗುಡಿಸಿ ಹಾಕೋಣ ಅಂದುಕೊಂಡಿದ್ದೆವು. ಆಗ ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡಿದ್ದೆ. ಕೆಟ್ಟಿದೆ ಅಂತ ನೆಟ್ಟಗೆ ಬರೆಯುವ ಧೈರ್ಯ ಇರಲಿಲ್ಲ, ಅದಕ್ಕೆ ಆ ಜಾಣತನ. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಗುಡಿಸುವ ಕೆಲಸ ನಮಗೆ ಸಿಗಲೇ ಇಲ್ಲ. ಬಂದ ಕೂಡಲೇ ಬಸವನನ್ನು ಅಬರ್ಡೀನಿಗೆ, ಬೇರೆ ಕೆಲಸಕ್ಕೆ ಕಳಿಸಿದರು. ನನ್ನನ್ನು ಇನ್ನೊಂದು ನಕ್ಷೆಗೆ ಹಾಕಿದರು. ಡಿಸೆಂಬರಿನಲ್ಲಿ ನನ್ನ ಅಮ್ಮಿಗೆ ಮಂಡಿ ಆಪರೇಷನ್ ಆಗಿ, ನಾನು ರಜೆ ಹಾಕಿ ಎರಡು ತಿಂಗಳು ಗದಗಿಗೆ ಹೋದೆ. ಫೆಬ್ರವರಿಯಲ್ಲಿ ವಾಪಸ್ ಬಂದು ಆಫೀಸಿನ ಬಾಗಿಲು ದೂಡಿದರೆ, ಎದುರು ಗೋಡೆಯ ಮೇಲೆ ಆಳೆತ್ತರದ ಪೋಸ್ಟರ್. ಅಚ್ಚ ನೀಲಿ ಸಮುದ್ರ, ನಡುವೆ ಕೀವು ತುಂಬಿದ ಕುರುವಿನ ಹಾಗೆ ಕೆಂಪಗೆ ಉಬ್ಬಿದ ಒಂದು ಬೆಟ್ಟ. ಒಂಬೈನೂರು ಮೀಟರ್ ಎತ್ತರ ಅಂತೆ. ಕೆಳಗೆ ದೊಡ್ಡ ಅಕ್ಷರದಲ್ಲಿ ಹೆಸರು: ಕೆ, ಎ, ಎಸ್, ಎ.

ಯಾ ಅಲ್ಲಾ! ನನಗೆ ಮೊದಲು ಬಂದದ್ದು ನಗು. ಆಮೇಲೆ ಬ್ಯಾಗು ಕೆಳಗಿಡದೆಯೇ ಇದು ಯಾರ ಕೆಲಸ ಅಂತ ವಿಚಾರಿಸಿದೆ.

ಆದದ್ದು ಇಷ್ಟು. ಹಡಗನ್ನೇ ಕಾಣದ ಇಬ್ಬರು ಹೊಸಬರು ಅಳತೆ ಸ್ವಚ್ಛ ಮಾಡಲು ಕೂತಿದ್ದಾರೆ. ತೀರಾ ವಿಕಾರವಾಗಿದ್ದ ಹತ್ತು ಕಸವನ್ನು, ಯಾರೂ ಹೆಸರು ಓದುವ ಮುಂಚೆಯೇ, ಕಂಪ್ಯೂಟರ್ ತಾನೇ ಅಳಿಸಿಹಾಕಿದೆ. ಹನ್ನೊಂದನೆಯದು ಮಾತ್ರ ಗುಂಡಗೆ, ಮುದ್ದಾಗಿ, ಥೇಟ್ ಬೆಟ್ಟದ ಹಾಗೇ ಇತ್ತು. ಅದಕ್ಕೊಂದು ಹೆಸರೂ ಅಂಟಿಕೊಂಡಿತ್ತು. ಹಡಗಿನವರು ಕಂಡುಹಿಡಿದು ಹೆಸರಿಟ್ಟಿದ್ದಾರೆ ಅಂತ ಆ ಪುಣ್ಯಾತ್ಮರು ಭಯಭಕ್ತಿಯಿಂದ ಉಳಿಸಿಕೊಂಡರು.

“ಕಾಸಾ! ನಿನ್ನ ಐಡಿಯಾ ತಾನೇ, ಕೈರಾ?” ಕಾಲಿನ್ ಎರಡೂ ಕೈ ಚಾಚಿ ಬಂದ. “ಸ್ಪ್ಯಾನಿಷ್‌ನಲ್ಲಿ ಮನೆ ಅಂತ. ಎಷ್ಟು ಚೆಂದ! ಲೀಡ್ಸ್ ಯೂನಿವರ್ಸಿಟಿಯವರು ಹುಚ್ಚಾಗಿದ್ದಾರೆ. ಮುಂದಿನ ಮೂರು ವರ್ಷದ ಪ್ರಾಜೆಕ್ಟ್ ಪೂರ್ತಿ ಈ ಬೆಟ್ಟದ ಮೇಲೆಯೇ. ನೀನೇ ಅದಕ್ಕೆ ಮುಖ್ಯ ಸರ್ವೇಯರ್. ವೀಸಾ ಚಿಂತೆ ಬಿಡು, ನಾವು ರಿನ್ಯೂ ಮಾಡಿಸ್ತೀವಿ.”

ನಾನು ಹಲ್ಲು ಕಿರಿದೆ. ಯಾಕೆ ಕಿರಿದೆ ಅಂದರೆ, ಆ ಕೊನೆಯ ಮಾತಿಗೆ. ನನ್ನ ವೀಸಾ ಜೂನಿಗೆ ಮುಗಿಯುತ್ತಿತ್ತು. ಅದಕ್ಕೆ ಆಫೀಸಿನವರೇ ಜವಾಬ್ದಾರರು. ಅವರು ಕೈಬಿಟ್ಟರೆ ಗಂಟುಮೂಟೆ ಕಟ್ಟಬೇಕು. ನನ್ನ ಒಬ್ಬಳದಲ್ಲ. ನನ್ನ ಗಂಡ ಯಾಸಿರ್ ಹುಬ್ಬಳ್ಳಿಯಲ್ಲಿ ಡಾಕ್ಟರ್ ಆಗಿದ್ದವನು, ಇಲ್ಲಿ ನನ್ನ ವೀಸಾದ ಬಾಲ ಹಿಡಿದು ಬಂದಿದ್ದ. ಇಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಸಿಗಬೇಕಾದರೆ ಮ್ಯಾಂಚೆಸ್ಟರಿನಲ್ಲಿ ಒಂದು ಪ್ರಾಯೋಗಿಕ ಪರೀಕ್ಷೆ ಪಾಸು ಮಾಡಬೇಕು. ಒಂದು ಸಲ ಡುಮ್ಕಿ ಹೊಡೆದಿದ್ದ. ಎರಡನೇ ಸಲದ್ದು ಮೇ ತಿಂಗಳಲ್ಲಿತ್ತು. ಮಗಳು ಆಯಿಝಾಗೆ ಏಳು ವರ್ಷ, ಹಾರ್ಬೋರ್ನ್‌ನ ಶಾಲೆ, ಬರ್ಮಿಂಗ್‌ಹ್ಯಾಮಿನ ರಾಗದ ಇಂಗ್ಲಿಷು. ಇವರೆಲ್ಲರ ಬದುಕು ಕಾಲಿನ್ನನ ಒಂದು ಸಹಿಯಲ್ಲಿತ್ತು. ಅದಕ್ಕೇ ಹಲ್ಲು ಕಿರಿದೆ.

ಆ ವಾರವೇ ನಾನು ಹಳೆಯ ಅಳತೆ ತೆಗೆದು ನೋಡಿದೆ. ಒಂದು ವಿಷಯ ನೆನಪಿತ್ತು. ಆ ಹನ್ನೊಂದನೇ ಕಸದ ಗುದ್ದಾಟವಾದ ಒಂಬತ್ತು ದಿನಕ್ಕೆ, ವಾಪಸ್ ಬರುವಾಗ, ಅದೇ ಜಾಗದ ಮೇಲೆ ಅಡ್ಡ ಹಾಯ್ದಿದ್ದೆವು. ಆವತ್ತು ಗಡ್ಡೆ ಬಿರಿದು ನೀರು ತೆರೆದಿತ್ತು, ಹಡಗು ತಣ್ಣಗೆ ಸಾಗಿತ್ತು. ಅಳತೆ ಕನ್ನಡಿಯಷ್ಟು ಸ್ವಚ್ಛವಾಗಿತ್ತು. ಅದರಲ್ಲಿ ಬೆಟ್ಟ ಇರಲಿ, ಬೋರಲು ಹಾಕಿದ ತಟ್ಟೆಯಷ್ಟು ಉಬ್ಬೂ ಇಲ್ಲ. ಹೊಸಬರು ಇದನ್ನು ಯಾಕೆ ನೋಡಲಿಲ್ಲ ಅಂತ ಹುಡುಕಿದರೆ, ಆ ದಾರಿಯ ಅಳತೆಯ ಸಾಲು ನಕ್ಷೆಯಲ್ಲೇ ಇಲ್ಲ. ಬೇರೆ ಫೋಲ್ಡರಿನಲ್ಲಿ ಬಿದ್ದಿದೆ. ಫೋಲ್ಡರಿನ ಹೆಸರು ‘ಬಳಸಬೇಡಿ’. ಅಲ್ಲಿಗೆ ತಳ್ಳಿದವನ ಹೆಸರು ಕಾಲಿನ್.

ಅಂದರೆ ಇದು ಹೊಸಬರ ತಪ್ಪಲ್ಲ. ಈ ಮನುಷ್ಯನಿಗೆ ಎಲ್ಲ ಗೊತ್ತು. ಒಳ್ಳೆಯ ಅಳತೆಯನ್ನು ಹೊರಗೆ ಎಸೆದು ಕಸವನ್ನು ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಿದ್ದಾನೆ. ಥೂ!

ಅಷ್ಟರಲ್ಲಿ ಊರಿನಲ್ಲೂ ಕಸ. ಬಿನ್ ಖಾಲಿ ಮಾಡುವವರ ಮುಷ್ಕರ ಶುರುವಾಗಿ ತಿಂಗಳಾಗಿತ್ತು. ನಮ್ಮ ಬೀದಿಯ ಎರಡೂ ಕಡೆ ಕಪ್ಪು ಚೀಲಗಳು ಹೆಗಲೆತ್ತರ. ನರಿ ಬಂದು ಹರಿದು, ಮಗುವಿನ ನ್ಯಾಪಿ, ಕೋಳಿ ಮೂಳೆ ಎಲ್ಲ ಫುಟ್‌ಪಾತಿಗೆ. ಆಯಿಝಾ ಶಾಲೆಗೆ ಹೋಗುವಾಗ ಹೆಗ್ಗಣ ಎಣಿಸುತ್ತಿದ್ದಳು. ಬಸ್ಸಿನಲ್ಲಿ ಆಫೀಸಿಗೆ ಹೋಗುವಷ್ಟರಲ್ಲಿ ನನ್ನ ದುಪಟ್ಟಾ ಕೂಡ ಅದೇ ವಾಸನೆ ಹೊಡೆಯುತ್ತಿತ್ತು.

ಏಪ್ರಿಲಿನ ಒಂದು ಭಾನುವಾರ ಡಾಕ್ಟರ್ ರಾಜಶೇಖರ ಅವರ ಮನೆಯಲ್ಲಿ ನನಗೆ ಸನ್ಮಾನ. ಅವರು ಸಟನ್ ಕೋಲ್ಡ್‌ಫೀಲ್ಡಿನಲ್ಲಿ ಮೂವತ್ತು ವರ್ಷ ಜಿಪಿ, ಅಂದರೆ ಬಡಾವಣೆಯ ಡಾಕ್ಟರ್, ಆಗಿದ್ದು ನಿವೃತ್ತರಾದವರು, ನಮ್ಮ ಕನ್ನಡ ಸಂಘದ ಅಧ್ಯಕ್ಷರು. ಸ್ಥಳೀಯ ಪೇಪರಿನಲ್ಲಿ ಬೆಟ್ಟದ ಸುದ್ದಿ, ನನ್ನ ಹೆಸರು ನೋಡಿ ಫೋನ್ ಮಾಡಿದ್ದರು. ಬರಲ್ಲ ಅನ್ನಲು ಬಾಯಿ ಬರಲಿಲ್ಲ. ಮೂವತ್ತು ಜನ, ಬಿಸಿಬೇಳೆ ಬಾತು, ಬೂಂದಿ, ಪರಿಮಳದ ಮೇಣದಬತ್ತಿ. ಮೇಣದಬತ್ತಿ ಯಾಕೆ ಅಂದರೆ, ಪಕ್ಕದ ಗರಾಜಿನಲ್ಲಿ ಅವರ ಮನೆಯ ಒಂದು ತಿಂಗಳ ಕಸ ಕೊಳೆಯುತ್ತಿತ್ತು. ಬಾಗಿಲ ಸಂದಿಯಿಂದ ಗಬ್ಬು ವಾಸನೆ ಹರಿದು ಬರುತ್ತಿತ್ತು. ಮೂವತ್ತು ಜನರಲ್ಲಿ ಒಬ್ಬರೂ ಮೂಗು ಮುಚ್ಚಲಿಲ್ಲ. ಎಂಥ ಒಳ್ಳೇ ಮನೆ ಅಂತ ಹೊಗಳಿಕೊಂಡು ಬಾತು ತಿಂದರು.

ಡಾಕ್ಟರು ನನಗೆ ಶಾಲು ಹೊದಿಸಿದರು. “ನೋಡಿ, ಇವರು ಮುಸ್ಲಿಮರಾದರೂ ಎಷ್ಟು ಚೆನ್ನಾಗಿ ಕನ್ನಡ ಮಾತಾಡ್ತಾರೆ!” ಅಂದರು. ಎಂಟನೇ ಸಲ ಕೇಳಿದ ಮಾತು. ನಮ್ಮಜ್ಜ ಗದಗಿನಲ್ಲಿ ಕನ್ನಡ ಮಾಸ್ತರರಾಗಿದ್ದರು ಅಂತ ಪ್ರತಿ ಸಲ ಹೇಳಿದ್ದೇನೆ, ಪ್ರತಿ ಸಲವೂ ಅವರಿಗೆ ಅದು ಹೊಸ ಸುದ್ದಿ. ಆಮೇಲೆ ಹೆಸರಿನ ವಿಷಯಕ್ಕೆ ಬಂದರು. “ಪೇಪರಿನವರು ಸ್ಪ್ಯಾನಿಷ್ ಅಂತಾರೆ. ನಾನು ಒಪ್ಪಲ್ಲ. ನಮ್ಮವರು ಇಟ್ಟ ಹೆಸರು ನಮ್ಮದೇ ಇರಬೇಕು. ಕಾಸ ಅಂದರೆ ಆಯುರ್ವೇದದಲ್ಲಿ ಕೆಮ್ಮು. ಅದಂತೂ ಅಲ್ಲ. ಕಾಶ! ಪ್ರಕಾಶದ ಕಾಶ! ಬೆಳಕು! ಉತ್ತರ ಧ್ರುವದ ಕತ್ತಲಲ್ಲಿ ಕನ್ನಡದ ಬೆಳಕು!”

ಚಪ್ಪಾಳೆಯೋ ಚಪ್ಪಾಳೆ. ಇಂಗ್ಲಿಷಿನ ನಾಲ್ಕು ಅಕ್ಷರವನ್ನು ಕನ್ನಡಿಗರು ಎಷ್ಟು ಥರ ಓದಬಹುದು ಅಂತ ನನಗೆ ಆವತ್ತೇ ತಿಳಿದದ್ದು. ಅಷ್ಟು ಜನರಲ್ಲಿ ಒಬ್ಬರಾದರೂ ಸರಿಯಾಗಿ ಓದಬಾರದೇ, ನನ್ನನ್ನು ಹಿಡಿದು ಹಾಕಬಾರದೇ ಅನ್ನಿಸಿತು.

ಒಬ್ಬರು ಓದಿದ್ದರು. ತಟ್ಟೆ ಇಡಲು ಅಡುಗೆಮನೆಗೆ ಹೋದರೆ, ಡಾಕ್ಟರ ಹೆಂಡತಿ ವಿಜಯಾ ಆಂಟಿ ಮಿಕ್ಕ ಬಾತನ್ನು ಬಿನ್‌ಗೆ ಸುರಿಯುತ್ತಿದ್ದರು. ಹಿಂತಿರುಗಿ ನೋಡದೆಯೇ, ತಣ್ಣಗೆ, “ಕಸ ತಾನೇ?” ಅಂದರು.

ನನ್ನ ಕೈಯ ತಟ್ಟೆ ಸಿಂಕಿಗೆ ಬಿತ್ತು. “ಹೌದು ಆಂಟಿ.”

“ನೋಡಿದ ಕೂಡಲೇ ಗೊತ್ತಾಯ್ತು. ನಾನೂ ಹತ್ತು ವರ್ಷ ಮೈಸೂರಲ್ಲಿ ಟೀಚರ್ ಆಗಿದ್ದವಳು. ಹುಡುಗರು ಇಂಗ್ಲಿಷಲ್ಲಿ ಕನ್ನಡ ಬರೆದರೆ ಹಾಗೇ ಬರೆಯೋದು.” ಬಿನ್ ಮುಚ್ಚಳ ಒತ್ತಿದರು. “ಬೆಟ್ಟ ಇಲ್ವಾ?”

“ಇಲ್ಲ ಆಂಟಿ. ನೀವಾದ್ರೂ ಅಂಕಲ್‌ಗೆ ಹೇಳಿ. ಅವರು ಹೇಳಿದರೆ ಜನ ಕೇಳ್ತಾರೆ.”

“ಅಯ್ಯೋ, ಹುಚ್ಚು ಹುಡುಗಿ! ಅವರಿಗೆ ಬೇಜಾರಾಗುತ್ತೆ. ಸಂಘದ ಲೆಟರ್‌ಹೆಡ್‌ನಲ್ಲಿ ನಿಮ್ಮ ಆಫೀಸಿಗೆ ಕಾಗದ ಬರೆದಿದ್ದಾರೆ, ಅದರರ್ಥ ಬೆಳಕು ಅಂತ. ಎರಡು ದಿನ ನಿದ್ದೆಗೆಟ್ಟು ಬರೆದ್ರು.” ನನ್ನ ಶಾಲಿನ ಮಡಿಕೆ ಸರಿ ಮಾಡಿದರು. “ಯಾರಿಗೂ ನೋವಾಗದ ಸುಳ್ಳು. ನಿನಗೂ ವೀಸಾ ಬೇಕು, ಮಗು ಇದೆ. ಬಾಯಿಗೆ ಬೀಗ ಹಾಕ್ಕೊಂಡು ಇದ್ದುಬಿಡಮ್ಮ. ಬೂಂದಿ ಕಟ್ಟಿಕೊಡ್ಲಾ?”

ಪ್ರೀತಿಯಿಂದಲೇ ಹೇಳಿದರು. ಆ ಪ್ರೀತಿಗೇ ನನಗೆ ವಾಕರಿಕೆ ಬಂದದ್ದು. ಬೂಂದಿಯ ಡಬ್ಬಿ ಹಿಡಿದುಕೊಂಡು ಮನೆಗೆ ಬಂದೆ.

ಮರುದಿನ, ಸೋಮವಾರ, ಕಾಲಿನ್ ಒಂದು ಫಾರಂ ತಂದು ಮೇಜಿನ ಮೇಲಿಟ್ಟ. ಸಮುದ್ರದ ಅಡಿಯ ಬೆಟ್ಟಗಳಿಗೆ ಹೆಸರು ಖಾಯಂ ಮಾಡುವ ಸಮಿತಿಯೊಂದಿದೆ, ಅವರಿಗೆ ಕಳಿಸುವ ಅರ್ಜಿ. ಅಳತೆಯ ಹೊತ್ತಿನಲ್ಲಿ ಪಾಳಿಯಲ್ಲಿದ್ದ ಸರ್ವೇಯರ್ ‘ನಾನು ಕಂಡಿದ್ದೇನೆ, ಅಳತೆ ಸರಿಯಿದೆ’ ಅಂತ ಸಹಿ ಹಾಕಬೇಕು. ಹೆಸರಿನ ಅರ್ಥಕ್ಕೂ ಒಂದು ಜಾಗ. ಬುಧವಾರದೊಳಗೆ ಹೋಗಬೇಕಂತೆ.

ನಾನು ಬಾಗಿಲು ಹಾಕಿದೆ. ಲ್ಯಾಪ್‌ಟಾಪಿನಲ್ಲಿ ಆ ಚಪ್ಪಟೆ ಸಾಲು ತೆರೆದು ಅವನ ಮುಂದೆ ತಿರುಗಿಸಿದೆ. “ಕಾಲಿನ್, ಬೆಟ್ಟ ಇಲ್ಲ. ಕಸ ಅಂದರೆ ರಬ್ಬಿಷ್. ಕೆಟ್ಟ ಭಾಗ ಅಂತ ನಾವು ಹಾಕಿದ ಗುರುತು ಅದು.”

ಅವನ ಮುಖದ ಒಂದು ಗೆರೆಯೂ ಅಲುಗಲಿಲ್ಲ. “ಗೊತ್ತು. ಜನವರಿಯಲ್ಲೇ ಫೋನಿನಲ್ಲಿ ಹುಡುಕಿ ನೋಡಿದೆ. ನಕ್ಕೂ ನಕ್ಕೂ ಸಾಕಾಯ್ತು.”

“ಗೊತ್ತಿದ್ದೂ?”

“ಕೈರಾ, ಮೂರು ಸಾವಿರ ಮೀಟರ್ ಆಳದಲ್ಲಿ ಒಂದು ಬೆಟ್ಟ ಇದ್ದರೆಷ್ಟು, ಬಿಟ್ಟರೆಷ್ಟು? ಯಾವ ಹಡಗೂ ಅದಕ್ಕೆ ಡಿಕ್ಕಿ ಹೊಡೆಯಲ್ಲ. ಮೂರು ವರ್ಷ ಹೋಗಿ ಹುಡುಕೋಣ. ಸಿಗದಿದ್ದರೆ ‘ಮರುಪರಿಶೀಲನೆಯಲ್ಲಿ ಕಂಡುಬರಲಿಲ್ಲ’ ಅಂತ ಇನ್ನೊಂದು ಪೇಪರ್. ವಿಜ್ಞಾನ ನಡೆಯೋದೇ ಹೀಗೆ.” ಒದ್ದೆ ಟಿಶ್ಯೂದಲ್ಲಿ ಒಂದೊಂದೇ ಬೆರಳು ಒರೆಸಿಕೊಂಡ. “ಇನ್ನೊಂದು ಮಾತು. ಇದು ತಪ್ಪು ಅನ್ನೋದಾದರೆ, ಯಾರ ತಪ್ಪು? ಅಧಿಕೃತ ಲಾಗ್‌ನಲ್ಲಿ ಗುಪ್ತ ಭಾಷೆ ಬರೆದವರು ಯಾರು?”

“ಬ್ಯಾಡ್ ಅಂತ ಬರೀಬೇಡಿ ಅಂದವರು ನೀವೇ!”

“ಬರವಣಿಗೆಯಲ್ಲಿ ಇದೆಯಾ?”

ಇರಲಿಲ್ಲ. ಅವನು ಆ ಟಿಶ್ಯೂ ಉಂಡೆ ಮಾಡಿ ನನ್ನ ಟೀ ಕಪ್ಪಿನೊಳಗೆ ಹಾಕಿದ. “ಯೋಚನೆ ಮಾಡು. ನಿನ್ನ ವೀಸಾದ ಕಾಗದವೂ ನನ್ನ ಮೇಜಿನ ಮೇಲೇ ಇದೆ,” ಅಂತ ಎದ್ದು ಹೋದ. ಆ ಕಪ್ಪನ್ನು ನಾನು ತೊಳೆಯಲಿಲ್ಲ, ಟಿಶ್ಯೂ ಸಮೇತ ಬಿನ್‌ಗೆ ಎಸೆದೆ.

ಸಂಜೆ ಮನೆಯಲ್ಲಿ ಯಾಸಿರನ ಅಭ್ಯಾಸ. ಅವನ ಪರೀಕ್ಷೆಯಲ್ಲಿ ನಟರು ರೋಗಿಗಳಾಗಿ ಬಂದು ಕೂರುತ್ತಾರೆ, ಅಭ್ಯರ್ಥಿ ಅವರ ಜೊತೆ ಡಾಕ್ಟರಾಗಿ ಮಾತಾಡಬೇಕು. ಮನೆಯಲ್ಲಿ ರೋಗಿ ನಾನೇ. ಆವತ್ತಿನ ಪಾಠ: ಆಸ್ಪತ್ರೆಯಲ್ಲಿ ನಿಮ್ಮಿಂದ ತಪ್ಪಾಗಿದೆ, ರೋಗಿಗೆ ಮುಚ್ಚುಮರೆಯಿಲ್ಲದೆ ತಿಳಿಸಿ. ನಾನು ಸೋಫಾದ ಮೇಲೆ ಕೂತೆ. ಅವನು ಎದುರು ಕುರ್ಚಿ ಎಳೆದುಕೊಂಡು, ಸ್ವಲ್ಪ ಮುಂದಕ್ಕೆ ಬಾಗಿ, ಕಣ್ಣಲ್ಲಿ ಕಣ್ಣಿಟ್ಟು, ಇಂಗ್ಲಿಷಿನಲ್ಲಿ ಶುರು ಮಾಡಿದ. ನಮ್ಮಿಂದ ಒಂದು ತಪ್ಪಾಗಿದೆ. ಅದನ್ನು ನಿಮ್ಮಿಂದ ಮುಚ್ಚಿಡುವ ಹಕ್ಕು ನನಗಿಲ್ಲ. ನನ್ನನ್ನು ಕ್ಷಮಿಸಿ. ಇದರ ಪರಿಣಾಮ ಏನೇ ಇರಲಿ, ನಿಮಗೆ ನಿಜ ಹೇಳುವುದು ನನ್ನ ಕರ್ತವ್ಯ. ಗಂಟಲು ಎಲ್ಲಿ ಗದ್ಗದವಾಗಬೇಕೋ ಅಲ್ಲಿ ಗದ್ಗದ. ಎಷ್ಟು ಚೆನ್ನಾಗಿ ಹೇಳಿದ ಅಂದರೆ ನನಗೆ ಅಳು ಬಂತು.

“ಹ್ಯಾಂಗಿತ್ತು?” ಅಂದ, ಮುಖವೆಲ್ಲ ನಗು.

ನಾನು ಆ ಅಳುವಿನಲ್ಲೇ ಎಲ್ಲ ಹೇಳಿಬಿಟ್ಟೆ. ಕಸ, ಫೋಲ್ಡರು, ಫಾರಂ, ವೀಸಾದ ಕಾಗದ. ಅವನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೇಳಿದ. ಮುಗಿದ ಮೇಲೆ ದಖ್ಖನಿಯಲ್ಲಿ, “ನಕ್ಕೋ ಖೈರು, ನಕ್ಕೋ, ಬೇಡ. ಹುಚ್ಚುಚ್ಚಾಗಿ ಆಡಬೇಡ. ಒಂದು ಗುಡ್ಡದ ವಿಷಯ. ಸಹಿ ಹಾಕು, ಕೈ ತೊಳಕೋ,” ಅಂದ.

“ಈಗ ತಾನೇ ಏನು ಹೇಳಿದ್ರಿ ನನಗೆ?”

“ಅದು ಪರೀಕ್ಷೆಗೆ!” ನಿಜಕ್ಕೂ ಆಶ್ಚರ್ಯದಿಂದ ನೋಡಿದ. “ಅದಕ್ಕೂ ಇದಕ್ಕೂ ಏನು ಸಂಬಂಧ? ನಾಲ್ಕು ವರ್ಷದಿಂದ ಮನೆಯಲ್ಲಿ ಕೂತು ನಿನ್ನ ಸಂಬಳ ತಿಂತಿದ್ದೀನಿ. ಇನ್ನೊಂದು ತಿಂಗಳು ಸುಮ್ಮನಿರು ಅಂದರೆ ಅಷ್ಟೂ ಆಗಲ್ವಾ ನಿನಗೆ?”

ಆ ಕೊನೆಯ ಮಾತು ಹೇಳುವಾಗ ಅವನ ಗಂಟಲು ಗದ್ಗದವಾಗಲಿಲ್ಲ, ಒಡೆಯಿತು. ಅದು ನಟನೆಯಲ್ಲ ಅಂತ ನನಗೆ ಗೊತ್ತು. ಹಾಗಿದ್ದರೂ ಅವನು ಕೈ ಹಿಡಿಯಲು ಬಂದಾಗ ನನಗೆ ಕೈ ಹಿಂದಕ್ಕೆಳೆದುಕೊಳ್ಳುವ ಹಾಗಾಯಿತು. ಎದ್ದು ಹೋಗಿ ಆಯಿಝಾಳ ಲಂಚ್ ಬಾಕ್ಸ್ ತೊಳೆದೆ.

ಮಂಗಳವಾರ ಬೆಳಿಗ್ಗೆ ಬಸ್ಸಿನಲ್ಲಿ ಕೂತು ಈಮೇಲ್ ಬರೆದೆ. ಕ್ಲೈಂಟಿಗೆ ಒಂದು, ಲೀಡ್ಸ್ ಯೂನಿವರ್ಸಿಟಿಗೆ ಒಂದು. ‘ನೀವು ನೋಡುತ್ತಿರುವುದು ಬೆಟ್ಟವಲ್ಲ. ನಾನು ಪಾಳಿಯಲ್ಲಿದ್ದೆ. ಅದು ಹಡಗಿನ ಗದ್ದಲ. ಅದಕ್ಕೆ ನಾನು ಕಸ ಅಂತ ಬರೆದೆ. ಕೆಟ್ಟಿದೆ ಅಂತ ಬರೆಯಬೇಕಿತ್ತು. ಆ ತಪ್ಪು ನನ್ನದು. ಚಪ್ಪಟೆ ಸಾಲನ್ನು ಲಗತ್ತಿಸಿದ್ದೇನೆ.’ ಏಳೇ ವಾಕ್ಯ. ಬರೆದು ಮುಗಿಸಿದಾಗ ಎಷ್ಟೋ ತಿಂಗಳಿಂದ ಕಟ್ಟಿಕೊಂಡಿದ್ದ ಮೂಗು ಬಿಟ್ಟ ಹಾಗಾಯಿತು. ಆಫೀಸಿಗೆ ಹೋಗಿ, ಫಾರಮ್ಮನ್ನು ಕಾಲಿನ್ನನ ಎದುರಿಗೇ ವಾಪಸ್ ಕೊಟ್ಟು, ಅಲ್ಲೇ ನಿಂತು ಕಳಿಸೋಣ ಅಂತ ತೀರ್ಮಾನ ಮಾಡಿದೆ. ಹೋದರೆ ಗದಗಿಗೆ ಹೋಗೋಣ. ಗದಗಿನಲ್ಲೇನು ಜನ ಬದುಕುತ್ತಿಲ್ಲವೇ? ಮನಸ್ಸು ಗಟ್ಟಿಯಾಗಿತ್ತು. ನನ್ನ ಮೇಲೆ ನನಗೆ ಗೌರವ ಬಂದಿತ್ತು ಅಂತ ಹೇಳಲು ಈಗ ನಾಚಿಕೆಯಾಗುತ್ತದೆ.

ಮೆಟ್ಟಿಲು ಹತ್ತಿದರೆ ನನ್ನ ಮೇಜಿನ ಹತ್ತಿರ ಬಸವ ನಿಂತಿದ್ದ. ಅಬರ್ಡೀನಿನಿಂದ ಬೆಳಗಿನ ವಿಮಾನಕ್ಕೆ ಬಂದಿದ್ದನಂತೆ, ಎರಡು ಕಾಫಿ ಹಿಡಿದುಕೊಂಡಿದ್ದ. “ಅಕ್ಕಾರ! ಆರಾಮೇನ್ರಿ? ಎಷ್ಟ ಸೊರಗೀರಿ!”

“ಬಸವ, ಒಳ್ಳೇ ಹೊತ್ತಿಗೆ ಬಂದಿ. ನನ್ನ ಜೊತಿ ಕಾಲಿನ್ ಹತ್ರ ಬಾ. ನೀನೂ ಆವತ್ತ ಪಾಳಿಯೊಳಗ ಇದ್ದಿ. ಇಬ್ಬರು ಹೇಳಿದ್ರ ಗಟ್ಟಿ ಆಗ್ತದ.” ಅವನಿಗೆ ಇಲ್ಲಿ ಖಾಯಂ ವಾಸದ ಪರವಾನಗಿ ಸಿಕ್ಕು ವರ್ಷವಾಗಿತ್ತು. ಅವನ ಕೂದಲು ಕೊಂಕಿಸುವವರು ಯಾರೂ ಇರಲಿಲ್ಲ.

ಬಸವ ಕಾಫಿಯನ್ನು ನನ್ನ ಕೈಗಿಟ್ಟ. “ಅದೆಲ್ಲ ಮುಗೀತ್ರಿ ಅಕ್ಕಾರ. ನಿನ್ನೆ ಕಾಲಿನ್ ಫೋನ್ ಮಾಡಿದ್ದ. ನಿಮಗ ಸಹಿ ಹಾಕಾಕ ಮನಸಿಲ್ಲ, ಭಾಳ ತ್ರಾಸ ಮಾಡ್ಕೊಂಡಾರ ಅಂದ. ಪಾಳಿಯೊಳಗಿದ್ದವ್ರು ಯಾರಾದ್ರೂ ಒಬ್ರು ಹಾಕಿದ್ರ ನಡೀತದಂತ. ಈಗ ಬಂದಾವನ ನಾನ ಹಾಕಿಬಿಟ್ಟೆ.”

“ಹಾಕಿಬಿಟ್ಟಿ?”

“ಹೂನ್ರಿ. ಅರ್ಥದ ಜಾಗಾದಾಗ ಬೆಳಕು ಅಂತ ಬರದೇನಿ. ಯಾವುದೋ ಡಾಕ್ಟರ್ ಸಾಹೇಬ್ರ ಕಾಗದ ಇತ್ತಲ್ಲ, ಅದನ್ನ ಹಚ್ಚೇನಿ. ಈಗಷ್ಟ ಹೋಗ್ಯದ.” ದನಿ ತಗ್ಗಿಸಿದ. “ನೀವು ಸುಳ್ಳು ಬರಿಯೂದ ಬ್ಯಾಡ, ನಿಮ್ಮ ವೀಸಾನೂ ಉಳೀತದ. ಕಾಲಿನ್‌ಗ ಅದನ್ನ ಮದಲ ಕೇಳಿ ಪಕ್ಕಾ ಮಾಡ್ಕೊಂಡೇನಿ. ನಿಮ್ಮ ಕಾಗದಕ್ಕ ನನ್ನ ಮುಂದ ಸಹಿ ಹಾಕ್ಯಾನ. ನೀವು ಒಂದ ಮಾತೂ ಆಡಬ್ಯಾಡ್ರಿ, ಸಾಕು.”

ಅವನ ಮುಖದಲ್ಲಿ ಕಪಟವೇನೂ ಇರಲಿಲ್ಲ. ಅಕ್ಕನ ಭಾರ ಇಳಿಸಿದೆ ಅನ್ನುವ ಸಮಾಧಾನ ಇತ್ತು. ನಾನು ಅವನ ಕೆನ್ನೆಗೆ ಹೊಡೆಯಬೇಕಿತ್ತು. ನಿನ್ನ ಮನೆ ಹಾಳಾಗ ಅಂತ ಬೈಯಬೇಕಿತ್ತು. ಈಮೇಲ್ ನನ್ನ ಫೋನಿನಲ್ಲೇ ಇತ್ತು, ಒಂದು ಬೆರಳು ಒತ್ತಿದರೆ ಹೋಗುತ್ತಿತ್ತು. ಅವನ ಸಹಿ ಬಿದ್ದ ಮಾತ್ರಕ್ಕೆ ನನ್ನ ಬಾಯೇನೂ ಹೊಲಿದುಹೋಗಿರಲಿಲ್ಲ. ಮುಂಚೆ ಎಷ್ಟು ನಿಜ ಇತ್ತೋ ಈಗಲೂ ಅಷ್ಟೇ ಇತ್ತು.

ಆದರೆ ನನಗಾದದ್ದು ಬೇರೆ. ಕುರ್ಚಿಗೆ ಕುಸಿದೆ. ಎದೆಯ ಮೇಲಿನ ಬಂಡೆ ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗೆ ಉಸಿರು ಸರಾಗವಾಗಿ ಬಂತು. ಯಾಸಿರನಿಗೆ ಫೋನ್ ಮಾಡಿ ಹೇಳಬೇಕು, ಮ್ಯಾಂಚೆಸ್ಟರಿಗೆ ಟ್ರೇನ್ ಟಿಕೆಟ್ ಈಗಲೇ ಮಾಡಿಸಿದರೆ ಅಗ್ಗ ಅಂತ ಕೂಡ ಯೋಚನೆ ಬಂತು. ಇಷ್ಟು ಖುಷಿ ನನಗೆ ಎಷ್ಟೋ ದಿನದಿಂದ ಆಗಿರಲಿಲ್ಲ. ಕಾಲಿನ್, ಡಾಕ್ಟರು, ಆಂಟಿ, ಗಂಡ, ಎಲ್ಲರ ಮೇಲೂ ಮೂಗು ಮುರಿದುಕೊಂಡು ತಿರುಗಿದ್ದವಳು ನಾನು. ಅವರೆಲ್ಲ ತಮ್ಮ ಸುಳ್ಳನ್ನು ತಾವೇ ಹೇಳಿದ್ದರು. ನನಗೆ ಅಷ್ಟೂ ಧೈರ್ಯವಿರದೆ, ನನ್ನದನ್ನು ಬೇರೆಯವನ ಕೈಯಲ್ಲಿ ಹೇಳಿಸಿಕೊಂಡೆ.

ಫೋನು ತೆಗೆದು ಎರಡೂ ಈಮೇಲ್ ಅಳಿಸಿದೆ.

“ಥ್ಯಾಂಕ್ಸೋ ಬಸವ,” ಅಂದೆ. ಬಾಯಿಮಾತಿಗೆ ಅಲ್ಲ, ಮನಸಾರೆ ಅಂದೆ. ಅಂದು, ಅವನು ತಂದ ಕಾಫಿ ಕುಡಿದೆ. ಬಿಸಿಯಾಗಿ ಚೆನ್ನಾಗಿತ್ತು.